ಕೆರೆಯಲ್ಲೊಂದು ತೇಲೋ ಡಬ್ಬ

ಕಳೆದ ವರ್ಷ ಯುಗಾದಿ ಮುಗಿದ ವಾರಕ್ಕೆ ನಮ್ಮೂರ ಕೆರೆಯಲ್ಲಿ ಮೀನುಗಳು ಸತ್ತು ತೇಲಿದವು. ನಮ್ಮದು ತುಮಕೂರು ತಾಲ್ಲೂಕು ಕೋರ ಹೋಬಳಿಯ ಒಂದು ಸಣ್ಣ ಹಳ್ಳಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದವರು ಸುದ್ದಿ ತಂದರು. ಓಡಿ ಹೋಗಿ ನೋಡಿದರೆ ಕಾಟ್ಲಾ, ರೋಹು ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೂಬಿನ ಕಡೆಗೆ ಸಾಲಾಗಿ ಬಂದು ನಿಂತಿದ್ದವು. ಯಾರೋ ವಿಷ ಹಾಕಿದ್ದಾರೆ ಎಂಬ ಮಾತು ಒಂಬತ್ತು ಗಂಟೆಯೊಳಗೆ ಊರೆಲ್ಲ ಹರಡಿತು. ಮೀನು ಗುತ್ತಿಗೆ ಹಿಡಿದಿದ್ದವರು ನನಗೆ ವರಸೆಯಲ್ಲಿ ಮಾವ. ಅವರು ಅರಳಿಕಟ್ಟೆ ಮುಂದೆ ನಿಂತು ಇಬ್ಬರ ಹೆಸರನ್ನೂ ಹೇಳಿಬಿಟ್ಟರು. ಮಧ್ಯಾಹ್ನ ಬಂದು ನೀರಿನ ಮಾದರಿ ತುಂಬಿಕೊಂಡು ಹೋದರು. ಪರೀಕ್ಷೆಯಲ್ಲಿ ವಿಷವೂ ಸಿಗಲಿಲ್ಲ, ಆಮ್ಲಜನಕವೂ ಸಾಕಷ್ಟಿತ್ತು. ಊರಿಗೆ ಉಳಿದದ್ದು ಜಗಳವೊಂದೇ.

ನಾನು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿಇ ಓದುತ್ತಿದ್ದೇನೆ. ಐದನೇ ಸೆಮಿಸ್ಟರಿಗೆ ಮಿನಿ ಪ್ರಾಜೆಕ್ಟ್ ಹುಡುಕುವಾಗ ಈ ಮೀನುಗಳೇ ತಲೆಯಲ್ಲಿದ್ದವು. ಓದುತ್ತಾ ಹೋದಂತೆ ಒಂದು ಸಂಗತಿ ತಿಳಿಯಿತು. ಕೆರೆಯ ಆಮ್ಲಜನಕ ದಿನವಿಡೀ ಒಂದೇ ಸಮ ಇರುವುದಿಲ್ಲ. ಹಗಲಲ್ಲಿ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪಾಚಿಯೂ ಮೀನಿನ ಹಾಗೆ ಉಸಿರಾಡುತ್ತಾ ಅದೇ ಆಮ್ಲಜನಕವನ್ನು ತಿನ್ನುತ್ತದೆ. ತಳದ ಕೊಳೆಯೂ ತನ್ನ ಪಾಲು ಕೇಳುತ್ತದೆ. ಹೀಗಾಗಿ ಅತಿ ಕಡಿಮೆ ಇರುವುದು ಬೆಳಗಿನ ಜಾವ. ಚರಂಡಿ ನೀರು, ಗೊಬ್ಬರದ ನೀರು ಸೇರಿ ಹಸಿರಾದ ಕೆರೆಯಲ್ಲಿ ಈ ಏರಿಳಿತ ಇನ್ನೂ ಜೋರು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗಲೂ ಕೊಳಚೆ ನೀರು ಮತ್ತು ಆಮ್ಲಜನಕದ ಕೊರತೆಯ ಮಾತೇ ಬಂದಿತ್ತು. ಮಧ್ಯಾಹ್ನ ಎರಡು ಗಂಟೆಗೆ ತುಂಬಿದ ಬಾಟಲಿ ಬೆಳಗಿನ ಐದು ಗಂಟೆಯ ಕಥೆ ಹೇಳುವುದಾದರೂ ಹೇಗೆ? ಹಾಗೆಂದು ದಿನಾ ಐದಕ್ಕೆ ಕೆರೆಯೊಳಗೆ ಹೋಗಿ ಅಳೆಯಲು ಯಾರಿಂದ ಆಗುತ್ತದೆ? ಆ ಕೆಲಸಕ್ಕೆ ನೀರಿನ ಮೇಲೇ ಇದ್ದುಬಿಡುವ ಯಂತ್ರ ಬೇಕು.

ಅದಕ್ಕೆ ಡೇಟಾ ಬಾಯ್ ಎನ್ನುತ್ತಾರೆ. ಮನೆಯಲ್ಲಿ ಹೇಳಿದಾಗ ಅಜ್ಜಿ, ‘ಯಾವ ಬಾಯ್ ಮಗಾ, ಹಿಂದಿಯೋನಾ?’ ಎಂದು ಕೇಳಿದರು. ಕೊನೆಗೆ ಊರಿನವರೇ ಇಟ್ಟ ಹೆಸರು ‘ತೇಲೋ ಡಬ್ಬ’. ನಮ್ಮ ತಂಡದ ನಾಲ್ವರೂ ಈಗ ಹಾಗೆಯೇ ಕರೆಯುತ್ತೇವೆ. ಸಮುದ್ರದಲ್ಲಿ ಇಂಥವು ಹೊಸದೇನಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ನಮ್ಮ ಕಾರವಾರದ ಹತ್ತಿರದ ಸಮುದ್ರದಲ್ಲೂ ಅಲೆಯ ಎತ್ತರ ಅಳೆಯುವ ತೇಲುಯಂತ್ರವಿದೆ.

ನಮ್ಮದರ ಮೈ ಬಲು ಸರಳ. ನಾಲ್ಕಂಗುಲದ ಪಿವಿಸಿ ಪೈಪು, ಮೀಟರ್ ಉದ್ದದ ನಾಲ್ಕು ತುಂಡು, ಚೌಕಾಕಾರದಲ್ಲಿ ಜೋಡಣೆ. ಒಂದೊಂದು ತುಂಡೂ ಸುಮಾರು 9.5 ಲೀಟರ್ ನೀರು ತಳ್ಳುತ್ತದೆ. ನಾಲ್ಕಕ್ಕೆ 38 ಲೀಟರ್, ಅಂದರೆ 38 ಕೆ.ಜಿ. ಹೊರುವ ಶಕ್ತಿ. ನಮ್ಮ ಡಬ್ಬದ ಒಟ್ಟು ತೂಕ 14 ಕೆ.ಜಿ. ಅರ್ಧಕ್ಕಿಂತ ಹೆಚ್ಚು ಮೈ ನೀರಿನ ಮೇಲೇ ಉಳಿಯಿತು. ಪೈಪು ಸೀಳಿದರೂ ಮುಳುಗದಿರಲಿ ಎಂದು ಒಳಗೆ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿಗಳನ್ನು ತುಂಬಿದ್ದೆವು. ಗಾಳಿಗೆ ಮಗುಚದಂತೆ ಕೆಳಗೊಂದು ಕಬ್ಬಿಣದ ತೂಕ, ಮೇಲೆ ಸೋಲಾರ್ ಫಲಕ, ನಡುವೆ ನೀರು ನುಗ್ಗದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಇಎಸ್‌ಪಿ32 ಬೋರ್ಡ್, ಎರಡು ಲಿಥಿಯಂ ಸೆಲ್, ಲೋರಾ ರೇಡಿಯೊ. ಈ ರೇಡಿಯೊ ಬಳಸುವ 865ರಿಂದ 867 ಮೆಗಾಹರ್ಟ್ಸ್ ತರಂಗಕ್ಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಉಷ್ಣಾಂಶ, ಪಿಎಚ್, ಆಮ್ಲಜನಕ ಅಳೆಯುವ ಕಡ್ಡಿಗಳು ನೀರಿನೊಳಗೆ ಅರ್ಧ ಮೀಟರ್ ಕೆಳಗೆ ಜಾಲರಿಯ ಗೂಡಿನಲ್ಲಿರುತ್ತವೆ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಮ್ಲಜನಕದ ಕಡ್ಡಿಯೊಂದಕ್ಕೇ ಹೋಯಿತು.

ಅದನ್ನು ಹೊಂದಿಸುವಾಗಲೇ ಮೊದಲ ಪೆಟ್ಟು ತಿಂದೆವು. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. ನಾವಿರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ಅದು 7.5ರ ಆಸುಪಾಸು. ನಾವು ಪ್ರೋಗ್ರಾಮಿನಲ್ಲಿ ಸಮುದ್ರಮಟ್ಟದ ಲೆಕ್ಕವನ್ನೇ ಬಿಟ್ಟಿದ್ದೆವು. ಎರಡು ವಾರದ ಅಂಕಿಗಳೆಲ್ಲ ಸುಳ್ಳು ಸುಳ್ಳೇ ಚೆನ್ನಾಗಿ ಕಾಣುತ್ತಿದ್ದವು. ಕೆಟ್ಟ ಅಂಕಿ ಬಂದರೆ ಯಾರಾದರೂ ಅನುಮಾನಪಡುತ್ತಾರೆ, ಚೆನ್ನಾಗಿ ಬಂದರೆ ಯಾರು ಕೇಳುತ್ತಾರೆ?

ಕೆರೆಗೆ ಬಿಡುವ ಮೊದಲು ತೋಟದ ತೊಟ್ಟಿಯಲ್ಲಿ ಎಂಟು ದಿನ ತೇಲಿಸಿದೆವು. ಪೆಟ್ಟಿಗೆಯೊಳಗೆ ಒಣ ಟಿಶ್ಯೂ ಕಾಗದ ಮಡಿಸಿಟ್ಟಿದ್ದೆವು. ಮೂರನೇ ದಿನ ತೆಗೆದರೆ ಒಂದು ಮೂಲೆ ಒದ್ದೆ. ವೈರು ಒಳಹೋಗುವ ಜಾಗದ ರಬ್ಬರ್ ಸರಿಯಾಗಿ ಕೂತಿರಲಿಲ್ಲ. ನೀವೂ ಇಂಥದ್ದು ಮಾಡುವುದಾದರೆ ಈ ಕಾಗದದ ಉಪಾಯ ಮರೆಯಬೇಡಿ. ನೀರು ಮುಟ್ಟಿದ ಲಿಥಿಯಂ ಸೆಲ್ ಬರೀ ಕೆಡುವುದಿಲ್ಲ, ಬಿಸಿಯಾಗಿ ಬೆಂಕಿಯನ್ನೂ ಹಿಡಿಯಬಹುದು. ಅಂಥ ಸೆಲ್ ಮತ್ತೆ ಚಾರ್ಜಿಗೆ ಹಾಕಬಾರದು.

ಅನುಮತಿಯದ್ದು ಬೇರೆ ಕಥೆ. ಕೆರೆ ಯಾರದ್ದು ಎಂಬುದೇ ನಮಗೆ ಗೊತ್ತಿರಲಿಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ವ್ಯವಸ್ಥೆಗೆ ಸೇರುತ್ತವೆ. ನಮ್ಮದು ಚಿಕ್ಕದು. ಪಂಚಾಯಿತಿಗೆ ಅರ್ಜಿ ಕೊಟ್ಟೆವು, ಗುತ್ತಿಗೆದಾರ ಮಾವನ ಒಪ್ಪಿಗೆ ಪಡೆದೆವು. ಇದಾದ ಮೇಲಾದರೂ ಬುದ್ಧಿ ಇರಬೇಕಿತ್ತು. ಸೆಪ್ಟೆಂಬರಿನ ಒಂದು ಭಾನುವಾರ ಯಾರಿಗೂ ಹೇಳದೆ ನಾವು ನಾಲ್ಕೇ ಜನ ಕೆರೆಗೆ ಹೋದೆವು. ಅಂಚಿನಲ್ಲಿ ಮೊಣಕಾಲುದ್ದ ನೀರು. ಡಬ್ಬ ತಳ್ಳಿಕೊಂಡು ನಡೆದೇ ಹೋಗೋಣ ಎಂದು ಗೆಳೆಯನೊಬ್ಬ ಮುಂದೆ ಹೊರಟ. ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ತಾತ ಕೂಗಿದರು: ‘ಲೇ ಹುಡುಗ್ರಾ, ಇಳೀಬ್ಯಾಡ್ರೋ, ಅಲ್ಲಿ ಗುಂಡಿ ಐತೆ!’ ಅಷ್ಟರಲ್ಲಿ ಗೆಳೆಯ ಕುತ್ತಿಗೆವರೆಗೆ ಇಳಿದಿದ್ದ. ಬೇಸಿಗೆಯಲ್ಲಿ ಜೆಸಿಬಿ ತಂದು ಮಣ್ಣು ತೆಗೆದ ಗುಂಡಿ ಅದು. ಮೇಲಿನಿಂದ ನೋಡಿದರೆ ಎಲ್ಲೆಡೆಯೂ ಒಂದೇ ಬಣ್ಣದ ನೀರು. ಕಾಲು ಹೂಳಿನಲ್ಲಿ ಸಿಕ್ಕಿಕೊಂಡಿತ್ತು. ಅವನಿಗೆ ಈಜು ಬರುತ್ತಿತ್ತು, ಆದರೆ ಹೂಳು ಹಿಡಿದ ಕಾಲಿಗೆ ಈಜು ಏನು ಮಾಡೀತು? ಅವನನ್ನು ಉಳಿಸಿದ್ದು ಎರಡು ಕೈಯಲ್ಲೂ ಅಪ್ಪಿಕೊಂಡಿದ್ದ ಆ ಡಬ್ಬ. ನಾವು ಹಗ್ಗ ಹಿಡಿದು ಡಬ್ಬದ ಸಮೇತ ಎಳೆದುಕೊಂಡೆವು. ತಾತ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ, ಈ ಬರಹ ಓದಿಯೇ ಗೊತ್ತಾಗಬೇಕು.

ಮುಂದಿನ ವಾರ ಕ್ರಮವಾಗಿ ಮಾಡಿದೆವು. ಮೀನು ಹಿಡಿಯುವ ಅಣ್ಣನ ತೆಪ್ಪ, ಎಲ್ಲರಿಗೂ ಲೈಫ್ ಜಾಕೆಟ್, ದಡದಲ್ಲಿ ಹಗ್ಗ ಹಿಡಿದು ಇಬ್ಬರು. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಏಳು ಗಂಟೆಗೆ. ತೆಪ್ಪ ದುಂಡಗಿನದು, ಒಂದೇ ಅಂಚಿಗೆ ಭಾರ ಬಿದ್ದರೆ ಮಗುಚುತ್ತದೆ. 24 ಕೆ.ಜಿ.ಯ ಕಾಂಕ್ರೀಟ್ ಲಂಗರನ್ನು ಎತ್ತಿ ಎಸೆಯುವುದು ನಮ್ಮ ಯೋಜನೆಯಾಗಿತ್ತು. ಅಣ್ಣ ನಕ್ಕರು. ಮೊದಲು ಡಬ್ಬವನ್ನು ನೀರಿಗಿಳಿಸಿ ದೂರ ಬಿಡಬೇಕು, ಹಗ್ಗದ ಸುತ್ತಿನೊಳಗೆ ಯಾರ ಕಾಲೂ ಇರಬಾರದು, ಕಲ್ಲನ್ನು ಕೊನೆಗೆ ಕೈಯಿಂದ ಕೈಗೆ ಹಗ್ಗ ಬಿಡುತ್ತಾ ನಿಧಾನಕ್ಕೆ ಇಳಿಸಬೇಕು. ಕಾಲಿಗೆ ಹಗ್ಗ ಸುತ್ತಿಕೊಂಡರೆ ಕಲ್ಲಿನ ಜತೆ ನಾವೂ ಹೋಗುತ್ತೇವೆ ಎಂದರು.

ಆದರೂ ಒಂದು ತಪ್ಪು ಉಳಿದೇ ಹೋಯಿತು, ಅದು ಪೂರ್ತಿ ನಮ್ಮದೇ. ಅಂದು ನೀರಿನ ಆಳ ಎರಡು ಮೀಟರ್, ನಾವು ಕಟ್ಟಿದ ಹಗ್ಗ ಎರಡೂವರೆ ಮೀಟರ್. ಅಕ್ಟೋಬರಿನಲ್ಲಿ ಮಳೆ ಹಿಡಿಯಿತು, ಕೆರೆ ಒಂದು ಮೀಟರಿಗೂ ಹೆಚ್ಚು ಏರಿತು. ಒಂದು ಬೆಳಿಗ್ಗೆ ನೋಡಿದರೆ ಡಬ್ಬ ಕೋಡಿಯ ಹತ್ತಿರ! ಯಾರೋ ಕದಿಯಲು ನೋಡಿದ್ದಾರೆ ಎಂದು ನಾವೂ ಥೇಟ್ ಮಾವನ ಹಾಗೆಯೇ ಹೆಸರು ಹುಡುಕತೊಡಗಿದೆವು. ಆಮೇಲೆ ಹಾಳೆಯ ಮೇಲೆ ಲೆಕ್ಕ ಹಾಕಿದೆವು. 24 ಕೆ.ಜಿ. ಕಾಂಕ್ರೀಟು ಹತ್ತು ಲೀಟರ್ ನೀರು ತಳ್ಳುತ್ತದೆ, ಹಾಗಾಗಿ ನೀರಿನೊಳಗೆ ಅದರ ತೂಕ 14 ಕೆ.ಜಿ. ಮಾತ್ರ. ಡಬ್ಬಕ್ಕೆ ಮಿಕ್ಕಿದ್ದ ತೇಲುವ ಶಕ್ತಿ 24 ಕೆ.ಜಿ. ಹಗ್ಗ ಬಿಗಿಯಾದೊಡನೆ ಡಬ್ಬವೇ ಲಂಗರನ್ನು ಎತ್ತಿಕೊಂಡು ಹೊರಟಿತ್ತು. ಆರ್ಕಿಮಿಡಿಸ್ ತತ್ವಕ್ಕೆ ಹತ್ತನೇ ತರಗತಿಯಿಂದ ಎಷ್ಟು ಸಲ ಅಂಕ ತೆಗೆದುಕೊಂಡಿದ್ದೇವೋ ಲೆಕ್ಕವಿಲ್ಲ. ಈಗ ಅಂಥವೇ ಎರಡು ಕಲ್ಲು ಹಾಕಿದ್ದೇವೆ. ಕೆರೆ ಕೋಡಿ ಬಿದ್ದಾಗ ಅಲ್ಲಿ ನಾಲ್ಕು ಮೀಟರ್ ಆಳ ಎಂದು ಅಣ್ಣ ಹೇಳಿದರು. ಅದಕ್ಕೆ ಹತ್ತು ಮೀಟರ್ ನೈಲಾನ್ ಹಗ್ಗ. ನೈಲಾನ್ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಆದರೆ ಮೇಲೆ ತೇಲುತ್ತಾ ತೆಪ್ಪಕ್ಕೆ, ಬಲೆಗೆ, ಈಜುವ ಮಕ್ಕಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಮಕ್ಕಳದ್ದು ಇನ್ನೊಂದು ಕಾಟ. ತೇಲುವ ವಸ್ತುವಿನ ನೆರಳಿಗೆ ಮೀನು ಬಂದು ಸೇರುತ್ತವೆ. ಸಮುದ್ರದ ಯಂತ್ರಗಳಿಗೆ ಮೀನುಗಾರರಿಂದ ಹಾನಿಯಾಗುವುದೂ ಇದೇ ಕಾರಣಕ್ಕೆ, ಮೀನಿರುವ ಕಡೆ ದೋಣಿ ಹೋಗುತ್ತದೆ. ನಮ್ಮಲ್ಲಿ ಹುಡುಗರು ಗಾಳ ಹಿಡಿದು ಬಂದರು, ಗುರಿ ನೋಡಿ ಕಲ್ಲು ಬೀಸಿದರು. ಡಬ್ಬದೊಳಗೆ ಕರೆಂಟಿದೆ, ಮುಟ್ಟಿದರೆ ಹೊಡೆಯುತ್ತದೆ ಎಂಬ ಸುದ್ದಿಯೂ ಹಬ್ಬಿತ್ತು. ಕಲ್ಲು ತಪ್ಪುತ್ತದಲ್ಲ ಎಂದು ನನ್ನ ಗೆಳೆಯರು ಖುಷಿಪಟ್ಟರು. ನನಗದು ಸರಿ ಕಾಣಲಿಲ್ಲ. ಶಾಲೆಗೆ ಡಬ್ಬ ಒಯ್ದು ಬಿಚ್ಚಿ ತೋರಿಸಿದೆವು. ‘ನೀರು ಪರೀಕ್ಷೆ ಯಂತ್ರ, ಅಪಾಯವಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ಫೋನ್ ನಂಬರ್ ಹಾಕಿದೆವು. ಹೊಳೆಯುವ ಪಟ್ಟಿಯನ್ನೂ ಅಂಟಿಸಿದೆವು. ಕಲ್ಲು ನಿಂತವು. ನೀರುಕಾಗೆಗಳು ಮಾತ್ರ ಯಾವ ಬರಹಕ್ಕೂ ಬಗ್ಗದೆ ಸೋಲಾರ್ ಫಲಕದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಕಡ್ಡಿಗೆ ವಾರಕ್ಕೇ ಪಾಚಿ ಕಟ್ಟುತ್ತದೆ. ಹತ್ತು ದಿನಕ್ಕೊಮ್ಮೆ ತೆಪ್ಪದಲ್ಲಿ ಹೋಗಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ ಬರಲೇಬೇಕು. ಪ್ರಾಜೆಕ್ಟ್ ವರದಿಯಲ್ಲಿ ‘ಸ್ವಯಂಚಾಲಿತ’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು.

ನವೆಂಬರ್ ಕೊನೆಗೆ ಮೂರು ದಿನ ಮೋಡ ಮುಚ್ಚಿ ಜಿನುಗುತ್ತಿತ್ತು. ಬಿಸಿಲಿಲ್ಲದೆ ಪಾಚಿ ಕೆಲಸ ಮಾಡಲಿಲ್ಲ. ಬಿಸಿಲಿನ ದಿನ ಸಂಜೆ ನಾಲ್ಕಕ್ಕೆ 9 ದಾಟುತ್ತಿದ್ದ ಆಮ್ಲಜನಕ ಆ ಸಂಜೆ 5ರಲ್ಲಿ ನಿಂತಿತು. ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಮೊಬೈಲ್ ಕೂಗಿಕೊಂಡಿತು: 1.9. ಮೀನು ಸಾಕಲು 4 ಆದರೂ ಇರಬೇಕು. ಮಾವನನ್ನು ಎಬ್ಬಿಸಿ ಟಾರ್ಚ್ ಹಿಡಿದು ಹೋದರೆ, ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ನೀರನ್ನು ಎತ್ತಿ ಮೇಲಿನಿಂದ ಚಿಮ್ಮಿಸಿದರೆ ಸ್ವಲ್ಪವಾದರೂ ಗಾಳಿ ಸೇರುತ್ತದೆ. ಅದಕ್ಕೆ ಡೀಸೆಲ್ ಪಂಪು ಬೇಕು. ಹತ್ತಿರದಲ್ಲಿ ಪಂಪಿದ್ದದ್ದು ಒಬ್ಬರದ್ದೇ, ಯುಗಾದಿಯಲ್ಲಿ ಮಾವ ಹೆಸರು ಹೇಳಿದ್ದ ಇಬ್ಬರಲ್ಲಿ ಒಬ್ಬರದ್ದು.

ಮಾವ ಹೋಗಲಿಲ್ಲ, ನನ್ನನ್ನು ಕಳಿಸಿದರು. ಅವರು ಲುಂಗಿ ಎತ್ತಿ ಕಟ್ಟಿಕೊಂಡು ಪಂಪನ್ನು ಗಾಡಿಗೆ ಹೇರಿಕೊಂಡು ಬಂದರು. ಬಿಸಿಲು ಬರುವವರೆಗೆ ಓಡಿಸಿದರು. ಒಂದಷ್ಟು ಮೀನು ಸತ್ತವು, ಬಹುಪಾಲು ಉಳಿದವು. ಕಳೆದ ವರ್ಷ ಸತ್ತದ್ದೂ ಇದರಿಂದಲೇ ಎಂದು ಈ ಒಂದು ಅಂಕಿ ಹಿಡಿದು ನಾನು ಹೇಳಲಾರೆ, ಆಗ ಡಬ್ಬ ಇರಲಿಲ್ಲ. ಅರಳಿಕಟ್ಟೆಯಲ್ಲಿ ಅವರಿಬ್ಬರೂ ಈಗ ಒಂದೇ ಹೊತ್ತಿಗೆ ಕೂರುತ್ತಾರೆ. ಮಾತು ಅಷ್ಟಕ್ಕಷ್ಟೆ. ಡೀಸೆಲ್ ದುಡ್ಡು ಮಾವ ಇನ್ನೂ ಕೊಟ್ಟಿಲ್ಲವಂತೆ.