ನವಿಲುಗೊರಳ ಬಣ್ಣದ ಗೋಡೆ

ಮನೆಯ ಗೋಡೆಗೆ ಯಾವ ಬಣ್ಣ ಬಳಿಸಬೇಕೆಂಬುದು ಮೇಲ್ನೋಟಕ್ಕೆ ಅಲ್ಪ ವಿಷಯವೆಂದು ತೋರಬಹುದು. ಆದರೆ ಅಂತಹ ಅಲ್ಪ ವಿಷಯವೇ ಒಂದು ತುಂಬಿದ ಸಂಸಾರದಲ್ಲಿ ತಂದೆ-ಮಕ್ಕಳ ಮಾತನ್ನು ನಿಲ್ಲಿಸಿದುದನ್ನು ನಾವು ಕಂಡಿದ್ದೇವೆ. ನಮಗೆ ಪರಿಚಿತವಾದ ಮನೆತನವೊಂದರಲ್ಲಿ ಮಗನು ಪಡಸಾಲೆಯ ನಾಲ್ಕೂ ಗೋಡೆಗಳಿಗೆ ನೀಲಿ-ಹಸಿರು ಬೆರೆತ ಗಾಢವರ್ಣವನ್ನು ಬಳಿಸಲು ನಿಶ್ಚಯಿಸಿದನು. ಅಂಗಡಿಯವರು ಪೀಕಾಕ್ ಬ್ಲೂ, ಟೀಲ್ ಎಂದೆಲ್ಲ ಕರೆಯುವ ಈ ವರ್ಣವನ್ನು ನಮ್ಮ ತಾಯಂದಿರು ಸೀರೆಗಳಲ್ಲಿ ನವಿಲುಗೊರಳ ಬಣ್ಣವೆಂದೇ ಬಲ್ಲರು. ತಂದೆಯಾದರೋ ಸುಣ್ಣದ ಬಿಳುಪೇ ಮನೆಗೆ ಲಕ್ಷಣವೆಂದು ಹಟ ಹಿಡಿದರು. ಇಬ್ಬರೂ ತೀರ್ಪಿಗಾಗಿ ನಮ್ಮಲ್ಲಿಗೆ ಬಂದಾಗ ನಾವು ಅವರಿಗೆ ಒಂದು ಹಳೆಯ ವೃತ್ತಾಂತವನ್ನು ಹೇಳಿದೆವು.

ಲಂಡನ್ ನಗರದಲ್ಲಿ ಲೇಲ್ಯಾಂಡ್ ಎಂಬ ಹಡಗುಗಳ ಒಡೆಯನ ಮನೆಯಿತ್ತು. ಚೀನಾದೇಶದ ನೀಲಿ-ಬಿಳಿ ಪಿಂಗಾಣಿಗಳನ್ನು ಇರಿಸಲೆಂದು ಅಲ್ಲಿಯ ಊಟದ ಕೋಣೆಯನ್ನು ಜೆಕಿಲ್ ಎಂಬ ವಾಸ್ತುಶಿಲ್ಪಿಯು ಅಣಿಗೊಳಿಸುತ್ತಿದ್ದನು. ಗೋಡೆಗಳಿಗೆ ಹೂಬಳ್ಳಿಯ ಬೆಲೆಬಾಳುವ ತೊಗಲನ್ನು ಹೊದಿಸಲಾಗಿತ್ತು. 1876ರಲ್ಲಿ ಜೆಕಿಲ್ ಅಸ್ವಸ್ಥನಾಗಲು, ವಿಸ್ಲರ್ ಎಂಬ ಅಮೆರಿಕದ ಚಿತ್ರಕಾರನು ಸಣ್ಣಪುಟ್ಟ ತಿದ್ದುಪಡಿಗೆಂದು ಒಳಹೊಕ್ಕನು. ಒಡೆಯನು ಊರಲ್ಲಿಲ್ಲದ ತಿಂಗಳುಗಳಲ್ಲಿ ಆ ತೊಗಲಿನ ಮೇಲೆಲ್ಲ ಗಾಢ ನೀಲಿ-ಹಸಿರನ್ನು ಬಳಿದು, ಹೊನ್ನಿನ ನವಿಲುಗಳನ್ನು ಬರೆದನು. ಕೋಣೆ ಅಪೂರ್ವವಾಯಿತು, ಸ್ನೇಹ ಮುರಿಯಿತು. ಚಿತ್ರಕಾರನು ಕೇಳಿದ್ದು 2,000 ಗಿನಿ. ಒಡೆಯನು ಕೊಡಲೊಪ್ಪಿದ್ದು 1,000 ಪೌಂಡ್. ಗಿನಿಗೆ 21 ಷಿಲಿಂಗು, ಪೌಂಡಿಗೆ 20. ಹಣ ಅರ್ಧವಾದುದಲ್ಲದೆ ಆ ಒಂದು ಷಿಲಿಂಗಿನ ಕಡಿತವನ್ನೂ ವಿಸ್ಲರ್ ಅಪಮಾನವೆಂದೇ ಬಗೆದನು. ಗೋಡೆಯ ಮೇಲೆ ಜಗಳವಾಡುವ ಎರಡು ನವಿಲುಗಳನ್ನು ಬರೆದು, ಒಂದರ ಕಾಲಬಳಿ ಬೆಳ್ಳಿಯ ನಾಣ್ಯಗಳನ್ನು ಚೆಲ್ಲಿ ಹೊರಟುಹೋದನು. 1879ರಲ್ಲಿ ಅವನು ದಿವಾಳಿಯಾದಾಗ ಸಾಲಗಾರರ ಸಾಲಿನಲ್ಲಿ ಲೇಲ್ಯಾಂಡನೂ ಇದ್ದನು. ಅವನಿಗೂ ಹಣ ಬರಬೇಕಾಗಿತ್ತು. ವಿಶೇಷವೆಂದರೆ ಒಡೆಯನು ಆ ಕೋಣೆಯನ್ನು ಕೆಡಿಸಲಿಲ್ಲ. 1904ರಲ್ಲಿ ಫ್ರಿಯರ್ ಎಂಬ ಅಮೆರಿಕದ ಶ್ರೀಮಂತನು ಅದನ್ನು ಕೊಂಡು ಡೆಟ್ರಾಯಿಟಿಗೆ ಒಯ್ದನು. 1923ರಿಂದ ಅದು ವಾಷಿಂಗ್ಟನ್ ನಗರದ ಫ್ರಿಯರ್ ಕಲಾಶಾಲೆಯಲ್ಲಿದೆ.

ಇದರಿಂದ ನಾವು ಅರಿಯಬೇಕಾದುದೇನು? ದೋಷವು ಬಣ್ಣದ್ದಲ್ಲ, ಆ ಮನೆಯಲ್ಲಿರುವವರನ್ನು ಕೇಳದೆ ಬಳಿದುದರದು.

ಹೀಗೆಂದು ನಾವು ಆ ಮನೆಗೆ ಹೋಗಿ ನೋಡಲು, ಬಾಗಿಲ ಮಗ್ಗುಲಲ್ಲಿ ಎಂಬತ್ತು ದಾಟಿದ ಅಜ್ಜಿ ಕುಳಿತಿದ್ದರು. ಅವರನ್ನು ಆವರೆಗೆ ಯಾರೂ ಕೇಳಿರಲಿಲ್ಲ. ನಾವು ಕೇಳಿದಾಗ, "ಬಣ್ಣ ಯಾವುದರೆ ಇರಲಿ ತಮ್ಮಾ, ನನಗ ಹೊಸ್ತಿಲ ಕಂಡರ ಸಾಕು" ಎಂದರು. ತಂದೆ-ಮಗ ಇಬ್ಬರೂ ತಲೆ ತಗ್ಗಿಸಿದರು.

ಅಜ್ಜಿಯ ಮಾತಿನಲ್ಲಿ ಶಾಸ್ತ್ರವೂ ಇದೆ. ಗಾಢವರ್ಣವು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ನುಂಗುತ್ತದೆ. ಅರುವತ್ತರ ಕಣ್ಣಿನೊಳಗೆ ಇಳಿಯುವ ಬೆಳಕಾದರೋ ಇಪ್ಪತ್ತರ ಕಣ್ಣಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಆದುದರಿಂದ ಕಿಟಕಿಗೆ ಎದುರಾದ ಒಂದೇ ಗೋಡೆಗೆ ಈ ಬಣ್ಣವಿರಲಿ. ಉಳಿದ ಮೂರು ಗೋಡೆಗಳೂ ಛಾವಣಿಯೂ ತಿಳಿಯಾಗಿರಲಿ. ಹೊಸ್ತಿಲು, ಮೆಟ್ಟಿಲುಗಳ ಅಂಚು ನೆಲದಿಂದ ಎದ್ದು ಕಾಣುವಂತಿರಲಿ. ಹಿತ್ತಾಳೆಯ ಸಾಮಾನು, ತೇಗದ ಕಟ್ಟಿಗೆ ಈ ವರ್ಣದ ಮುಂದೆ ಬೆಳಗುತ್ತವೆ.

ಮೊದಲು ಎರಡಡಿ ಚೌಕದಷ್ಟು ಬಳಿದು, ಬೆಳಗಿನಲ್ಲಿ, ಸಂಜೆಯಲ್ಲಿ, ದೀಪದ ಬೆಳಕಿನಲ್ಲಿ ನೋಡಬೇಕು. ಒಂದೇ ಬಣ್ಣ ಮೂರು ಬಗೆಯಾಗಿ ಕಾಣುವುದು. ಹೊಸ ಗಿಲಾವು ಚೆನ್ನಾಗಿ ಆರುವವರೆಗೆ ಕಾಯಬೇಕು. ಹಸಿಯಾದ ಗೋಡೆಯಿಂದ ಹೊಮ್ಮುವ ಬಿಳಿಯ ಉಪ್ಪು ಗಾಢವರ್ಣದ ಮೇಲೆ ಕೂಡಲೇ ಎದ್ದು ತೋರುತ್ತದೆ. ಹಳೆಯ ಎಣ್ಣೆಬಣ್ಣವನ್ನು ಒಣಗಿದ್ದಾಗ ಕೆರೆಯಲಾಗದು. ಅದರಲ್ಲಿ ಸೀಸವಿದ್ದರೆ ಆ ಧೂಳು ಮಕ್ಕಳ ಬುದ್ಧಿಬೆಳವಣಿಗೆಗೇ ಮಾರಕ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಿರಿ.

ಆ ಮನೆಯ ಪಡಸಾಲೆಯಲ್ಲಿ ಈಗ ಒಂದು ಗೋಡೆ ನವಿಲುಗೊರಳಾಗಿದೆ, ಮೂರು ಬೆಳ್ಳಗಿವೆ. ಹೊಸ್ತಿಲಿಗೆ ತಿಳಿಹಳದಿಯನ್ನು ಬಳಿದವನು ಮೊಮ್ಮಗನೇ. ಮೊನ್ನೆ ನಾವು ಹೋದಾಗ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಆ ಹೊಸ್ತಿಲನ್ನು ದಾಟಿ ಬಂದು, ನಮ್ಮನ್ನು ಒಳಗೆ ಕರೆದರು.