ರೂಮ್ ಹ್ಯಾಂಗದ, ಅಡಗಿಮನಿ ಎಲ್ಲದ?

ಎರೆಹೊಲದ ಹೆಸರು, ಕಡಲೆ ನಂಬಿದ ನವಲಗುಂದ, ಅಣ್ಣಿಗೇರಿ ಕಡೆಯ ಮನೆಗಳಲ್ಲೂ ಪರದೇಶಕ್ಕೆ ಓದಲು ಹೊರಡುವ ಮಕ್ಕಳಿದ್ದಾರೆ. ಹೊರಡುವ ವಾರ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುವುದಿಲ್ಲ. ಖಡಕ್ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಇಳಿಸಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿಯನ್ನು ಎಣ್ಣೆ ಸೋರದಂತೆ ಎರಡೆರಡು ಚೀಲದಲ್ಲಿ ಕಟ್ಟುತ್ತಾರೆ.

ಇಷ್ಟು ಕಾಳಜಿಯ ಮನೆಯವರು ಮಗು ಮಲಗುವ ಕೋಣೆಯ ಬಗ್ಗೆ ಮಾತ್ರ ಹೆಚ್ಚು ಕೇಳುವುದಿಲ್ಲ. ಫೀ, ಲೋನು, ವೀಸಾ ಎಲ್ಲ ಚರ್ಚೆಯಾಗುತ್ತದೆ. ಹಾಸ್ಟೆಲಿನ ಮಾತು ಏಜೆಂಟರ ‘ಎಲ್ಲಾ ವ್ಯವಸ್ಥಾ ಅದರಿ’ ಎಂಬಲ್ಲಿಗೆ ಮುಗಿಯುತ್ತದೆ.

ಜರ್ಮನಿಯಲ್ಲಿ ಸೀಟು ಸಿಕ್ಕರೆ ಕೋಣೆ ಸಿಕ್ಕಂತಲ್ಲ. ಅಲ್ಲಿ ಬಹುಪಾಲು ಅಗ್ಗದ ಹಾಸ್ಟೆಲುಗಳನ್ನು ನಡೆಸುವುದು ‘ಸ್ಟುಡಿಯೆರೆಂಡೆನ್‌ವೆರ್ಕ್’ ಎಂಬ ಬೇರೆಯೇ ಸಂಸ್ಥೆ, ಅದಕ್ಕೆ ಬೇರೆಯೇ ಅರ್ಜಿ. ಮ್ಯೂನಿಕ್‌ನಂಥ ಊರಲ್ಲಿ ಪಾಳಿ ಬರುವಷ್ಟರಲ್ಲಿ ಸೆಮಿಸ್ಟರುಗಳೇ ಕಳೆಯುತ್ತವೆ. ಖಾಸಗಿ ಕೋಣೆ ಹಿಡಿದರೆ ಮೂರು ತಿಂಗಳ ಬಾಡಿಗೆಯವರೆಗೂ ಠೇವಣಿ ಕೇಳಲು ಮಾಲೀಕರಿಗೆ ಕಾನೂನಿನಲ್ಲಿ ಅವಕಾಶವಿದೆ. 2024ರ ಸೆಪ್ಟೆಂಬರಿನಿಂದ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ವರ್ಷದ ಮೊತ್ತ 11,904 ಯೂರೊ. ಅದು ಕೈಗೆ ಬರುವುದು ತಿಂಗಳಿಗೆ 992ರಂತೆ ಮಾತ್ರ. ಠೇವಣಿಯ ದುಡ್ಡು ಬೇರೆ ಇರಲೇಬೇಕು. ಹೊಲ ಒತ್ತೆಯಿಟ್ಟು ಲೆಕ್ಕ ಹಾಕಿದ ಅಪ್ಪನಿಗೆ ಇದನ್ನು ಮೊದಲೇ ಹೇಳುವವರು ಬೇಕು.

ವೈದ್ಯಕೀಯ ಓದಿಗೆ ಹೋಗುವವರ ಕಟ್ಟು ಇನ್ನೂ ಬಿಗಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕನಿಷ್ಠ 54 ತಿಂಗಳ ಓದು, ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಒಂದೇ ಸಂಸ್ಥೆಯಲ್ಲಿ ಆಗಬೇಕು. ಹಾಸ್ಟೆಲ್ ಸರಿಯಿಲ್ಲವೆಂದು ನಡುವೆ ಕಾಲೇಜು ಬದಲಿಸುವಂತಿಲ್ಲ.

ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರಿಗೆ ‘ಉಂಡಿಯೇನು ತಮ್ಮಾ’ ಎನ್ನುವವರಿದ್ದರು. ಹೊರದೇಶದ ಹಾಸ್ಟೆಲಿನಲ್ಲಿ ಮಹಡಿಯವರೆಲ್ಲರಿಗೂ ಸೇರಿ ಒಂದೇ ಅಡುಗೆಮನೆ ಇರುವುದುಂಟು. ಒಗ್ಗರಣೆಯ ಹೊಗೆ ಎದ್ದರೆ ಅಲಾರಾಂ ಕೂಗುತ್ತದೆ. ಹುಡುಗರು ಹೇಗೋ ಹೊಂದಿಕೊಳ್ಳುತ್ತಾರೆ, ಅಷ್ಟು ಗಟ್ಟಿಗರು ನಮ್ಮವರು. ಆದರೆ ಗಟ್ಟಿತನವೊಂದೇ ಸಾಲದ ಹೊತ್ತೂ ಬರುತ್ತದೆ. 2022ರ ಮಾರ್ಚ್ 1ರಂದು, ಯುದ್ಧ ನಡೆಯುತ್ತಿದ್ದ ಉಕ್ರೇನಿನ ಹಾರ್ಕಿವ್‌ನಲ್ಲಿ ನೆಲಮಾಳಿಗೆಯಲ್ಲಿ ಜೀವ ಹಿಡಿದು ಕೂತಿದ್ದ ಗೆಳೆಯರ ನಡುವಿನಿಂದ ಊಟದ ಸಾಮಾನು ತರಲು ಹೊರಬಂದ ಹುಡುಗ ರಷ್ಯಾದ ದಾಳಿಗೆ ಬಲಿಯಾದ. ಅವನು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು. 1997ರವರೆಗೂ ಆ ಊರು ನಮ್ಮ ಧಾರವಾಡ ಜಿಲ್ಲೆಯದೇ.

ಮುಂಗಡ ಕಟ್ಟುವ ಮುಂಚೆ ಏಜೆಂಟರಿಂದ ಬರೆಸಿಕೊಳ್ಳಿ: ಒಂದು ಕೋಣೆಗೆ ಎಷ್ಟು ಜನ, ಕರಾರು ಯಾರ ಹೆಸರಿಗೆ, ಠೇವಣಿ ಯಾವಾಗ ವಾಪಸು, ಚಳಿಗಾಲದ ಹೀಟರಿನ ಬಿಲ್ಲು ಯಾರದು, ಅಡಚಣೆಯಾದರೆ ರಾತ್ರಿ ಫೋನ್ ಎತ್ತುವವರು ಯಾರು. ಅದೇ ಹಾಸ್ಟೆಲಿನಲ್ಲಿ ಈಗ ಇರುವ ಕನ್ನಡದ ಹುಡುಗನೊಬ್ಬನ ಜೊತೆ ವಿಡಿಯೊ ಕಾಲ್ ಮಾಡಿಸಿ, ಕೋಣೆ ತೋರಿಸಲು ಹೇಳಿ. ಬಚ್ಚಲನ್ನೂ ನೋಡಿ.