ಮಿಲೋಸ್: ರಸ್ತೆ ತಲುಪದ ದಂಡೆ

ಗ್ರೀಸ್‌ನ ಮಿಲೋಸ್ ದ್ವೀಪದ ವಿಸ್ತೀರ್ಣ ಸುಮಾರು 150 ಚದರ ಕಿಲೋಮೀಟರ್. ಊರು, ಬಂದರು, ವಿಮಾನ ನಿಲ್ದಾಣ, ಹೋಟೆಲು, ಗಣಿ ಎಲ್ಲ ಹೆಚ್ಚುಕಮ್ಮಿ ಪೂರ್ವದ ಅರ್ಧದಲ್ಲೇ ಇವೆ. ಪಶ್ಚಿಮದ ಪಾಲಿಗೆ ಬಂದದ್ದು ಪ್ರೊಫಿಟಿಸ್ ಇಲಿಯಾಸ್ ಬೆಟ್ಟ, ಕುರುಚಲು ಕಾಡು, ಒಂದಷ್ಟು ಮಣ್ಣುದಾರಿ. ಬಾಡಿಗೆ ಕಾರು ಕೊಡುವವರು ಆ ಕಡೆ ಹೋಗಬೇಡಿ ಎಂದು ಮೊದಲೇ ಎಚ್ಚರಿಸುತ್ತಾರೆ. ಹಾಗಾಗಿ ಆ ದಂಡೆಯನ್ನು ನೋಡಬೇಕೆಂದರೆ ಅಡಾಮಾಸ್ ಬಂದರಿನಿಂದ ದೋಣಿಯೇ ಗತಿ.

ಸೆಪ್ಟೆಂಬರ್ ಮೊದಲ ವಾರ. ಬೇಸಿಗೆಯುದ್ದಕ್ಕೂ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಆ ದಿನ ತುಸು ತಗ್ಗಿತ್ತು. ಗಾಳಿ ಜೋರಾಗಿದ್ದರೆ ಉತ್ತರದ ದಂಡೆಗೆ ದೋಣಿ ಹೋಗುವುದಿಲ್ಲ, ದ್ವೀಪವನ್ನು ಪೂರ್ತಿ ಸುತ್ತುವುದಂತೂ ದೂರದ ಮಾತು. ಕ್ಲಿಮಾ ಹಳ್ಳಿಯ ಬಣ್ಣದ ಬಾಗಿಲುಗಳ ದೋಣಿಮನೆಗಳು ಎಡಕ್ಕೋ ಬಲಕ್ಕೋ ಎಂದು ನೋಡುವಷ್ಟರಲ್ಲಿ ಹಿಂದೆ ಸರಿದವು. ಲೂವ್ರ್‌ನಲ್ಲಿರುವ ವೀನಸ್ ಪ್ರತಿಮೆ 1820ರಲ್ಲಿ ಸಿಕ್ಕಿದ್ದು ಇದರ ಮೇಲಿನ ಇಳಿಜಾರಿನಲ್ಲೇ. ದೋಣಿಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ, ಕೇಳಿ ಮುಗಿಸಿದರಾಯಿತು.

ಬಂದರಿನ ಕೊಲ್ಲಿಯ ಬಾಯಿ ದಾಟಿ ವಾನಿ ಭೂಶಿರ ಸುತ್ತಿದ ಮೇಲೆ ಮಾತು ಕಡಿಮೆಯಾಯಿತು. ಇಲ್ಲಿ ಹಿಂದೊಮ್ಮೆ ಮ್ಯಾಂಗನೀಸ್ ತೆಗೆಯುತ್ತಿದ್ದರು. ಬಂಡೆಗಳಿಗೆ ಈಗಲೂ ಕಂದುಗೆಂಪು, ಕಪ್ಪು ಬಣ್ಣ. ಅಲ್ಲಿಂದ ದಕ್ಷಿಣಕ್ಕೆ ಹೋದಂತೆ ಮನೆಯಿಲ್ಲ, ವಿದ್ಯುತ್ ಕಂಬವಿಲ್ಲ. ದೂರದಲ್ಲಿ ಜನವಸತಿಯಿಲ್ಲದ ಆಂಟಿಮಿಲೋಸ್. ಬಂಡೆಯ ಸೀಳಿನಲ್ಲಿ ಕೇಪರ್ ಗಿಡ ಜೋತುಬಿದ್ದಿತ್ತು. ಅದರ ಹಸಿರು ಬಿಟ್ಟರೆ ಬೇಸಿಗೆ ಕೊನೆಯಲ್ಲಿ ಈ ದಂಡೆ ಪೂರಾ ಒಣಗಿತ್ತು.

ಚಾಣ ಕಂಡದ್ದು ಇಲ್ಲೇ. ಕಡಿದಾದ ಬಂಡೆಯ ಅಂಚಿನಿಂದ ಒಂದು ಕಪ್ಪು ಹಕ್ಕಿ ಗಾಳಿಗೆ ಎದೆಕೊಟ್ಟು ಜಾರಿತು. ಉದ್ದನೆಯ ಕಿರಿದಾದ ರೆಕ್ಕೆ, ಉದ್ದ ಬಾಲ, ಅವಸರವಿಲ್ಲದ ಬಡಿತ. ಎಲಿಯೊನೊರಾ ಚಾಣ. ಹಿಂದೆಯೇ ಬಂದ ಇನ್ನೊಂದಕ್ಕೆ ಕೆನ್ನೆ ಬಿಳಿ, ಹೊಟ್ಟೆ ಕೆಂಗಂದು. ಒಂದೇ ಜಾತಿಯಲ್ಲಿ ಇವೆರಡೂ ರೂಪಗಳಿವೆ. ಎರಡನೆಯದು ಒಂದು ಸಣ್ಣ ಹಕ್ಕಿಯನ್ನು ಕಾಲಲ್ಲಿ ಹಿಡಿದಿತ್ತು. ಬಂಡೆಯ ಚಾಚಿನ ಮೇಲೆ ಕೂತು ಪುಕ್ಕ ಕೀಳತೊಡಗಿತು. ದುರ್ಬೀನಿನಲ್ಲಿ ಒಂದೊಂದೇ ಪುಕ್ಕ ಗಾಳಿಗೆ ಹಾರಿ ನೀರಿಗೆ ಬೀಳುವುದು ಕಾಣುತ್ತಿತ್ತು. ಸತ್ತದ್ದು ಯಾವ ಉಲಿಯಕ್ಕಿ ಎಂದು ಗುರುತಿಸುವಷ್ಟು ಉಳಿದಿರಲಿಲ್ಲ.

ಜಗತ್ತಿನ ಎಲಿಯೊನೊರಾ ಚಾಣಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮರಿ ಮಾಡುವುದು ಗ್ರೀಸ್‌ನ ದ್ವೀಪಗಳಲ್ಲೇ. ಯುರೋಪಿನ ಬಹುತೇಕ ಹಕ್ಕಿಗಳು ವಸಂತದಲ್ಲಿ ಗೂಡು ಕಟ್ಟಿದರೆ ಇವು ಮೊಟ್ಟೆಯಿಡುವುದೇ ಜುಲೈ ಕೊನೆಗೆ. ಆಗಸ್ಟ್ ಕೊನೆಯಲ್ಲಿ ಮರಿ ಹೊರಬರುವ ಹೊತ್ತಿಗೆ ಯುರೋಪಿನ ಸಣ್ಣ ಹಕ್ಕಿಗಳು ಆಫ್ರಿಕಾಕ್ಕೆ ಹೊರಟು ಈ ಕಡಲನ್ನು ದಾಟುತ್ತಿರುತ್ತವೆ. ರಾತ್ರಿಯೆಲ್ಲ ಹಾರಿ ದಣಿದ ಅವುಗಳನ್ನು ಚಾಣಗಳು ನೀರಿನ ಮೇಲೇ ಹಿಡಿಯುತ್ತವೆ. ವರ್ಷದ ಬಾಕಿ ಕಾಲ ಕೀಟಗಳೇ ಸಾಕು. ಚಳಿಗಾಲ ಕಳೆಯಲು ಹೋಗುವುದು ಮಡಗಾಸ್ಕರ್‌ಗೆ.

ಅದೇ ವಲಸೆ ಹಕ್ಕಿಗಳನ್ನು ನೆಲದ ಮೇಲೆ ಕಾಯುವ ಇನ್ನೊಂದು ಜೀವಿಯೂ ಇದೆ. ಮಿಲೋಸ್‌ನ ಮಂಡಲ ಹಾವು ಇಡೀ ಭೂಮಿಯಲ್ಲಿ ಇರುವುದು ಮಿಲೋಸ್, ಕಿಮೋಲೋಸ್, ಪೊಲಿಯೆಗೋಸ್, ಸಿಫ್ನೋಸ್ ಎಂಬ ನಾಲ್ಕೇ ದ್ವೀಪಗಳಲ್ಲಿ. ವಸಂತದಲ್ಲೂ ಶರತ್ಕಾಲದಲ್ಲೂ ನೀರಿನ ಹೊಂಡದ ಪಕ್ಕ, ಪೊದೆಯ ಕೊಂಬೆಯ ಮೇಲೆ ಅಲುಗದೆ ಬಿದ್ದಿರುತ್ತದೆ. ದೋಣಿಯಿಂದ ಅದು ಕಾಣುವ ಮಾತೇ ಇಲ್ಲ. ಆದರೆ ಈ ದಂಡೆಗೂ ಅದಕ್ಕೂ ಇರುವ ನಂಟು ನೇರವಾದದ್ದು: ಬೇಸಿಗೆಯಲ್ಲಿ ರಾತ್ರಿ ಹೊತ್ತು ಓಡಾಡುವ ಈ ಹಾವುಗಳನ್ನು ಕೊಲ್ಲುವ ಕಾರಣಗಳಲ್ಲಿ ವಾಹನದ ಚಕ್ರ ಮುಖ್ಯವಾದದ್ದು. ಪಶ್ಚಿಮಕ್ಕೆ ಡಾಂಬರು ಬರಲಿಲ್ಲ, ಹಾವು ಉಳಿಯಿತು.

ದಕ್ಷಿಣಕ್ಕೆ ಸಾಗಿದಾಗ ಸಿಕ್ಕ ಸಿಕಿಯಾ ಗುಹೆಯ ಚಾವಣಿ ಕುಸಿದು ಬಿದ್ದಿದೆ. ಮೇಲಿನಿಂದ ಬಿಸಿಲು ನೇರ ನೀರಿಗಿಳಿಯುತ್ತದೆ. ಮುಂದಿನದು ಕ್ಲೆಫ್ಟಿಕೊ, ಎಲ್ಲರೂ ಫೋಟೊ ತೆಗೆಯುವ ಜಾಗ. ಜ್ವಾಲಾಮುಖಿಯ ಬೂದಿ, ಪ್ಯೂಮಿಸ್ ಗಟ್ಟಿಯಾದ ಬಿಳಿ ಬಂಡೆಯನ್ನು ಕಡಲು ಕೊರೆದು ಕಮಾನು, ಕಂಬ, ಸುರಂಗ ಮಾಡಿದೆ. ಹಿಂದೆ ಕಡಲ್ಗಳ್ಳರು ಅಡಗುತ್ತಿದ್ದರಂತೆ. ಚೆಂದವೇನೋ ಹೌದು. ಆದರೆ ನನಗೆ ಅಲ್ಲಿ ಹೆಚ್ಚು ಹಿಡಿಸಿದ್ದು ತಿಳಿನೀರಿನ ತಳದಲ್ಲಿ ಕಂಡ ಕಡುಹಸಿರಿನ ಹರವು. ಅದು ಪಾಚಿಯಲ್ಲ, ಹೂ ಬಿಡುವ ಗಿಡ, ಪೊಸಿಡೋನಿಯಾ. ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಈ ಜಾತಿಯಿಲ್ಲ. ಬಹಳ ನಿಧಾನವಾಗಿ ಹರಡುತ್ತದೆ. ಲಂಗರು ಕಿತ್ತ ಜಾಗ ಮತ್ತೆ ತುಂಬಲು ದಶಕಗಳೇ ಬೇಕು. ನಮ್ಮ ದೋಣಿಯವನು ಲಂಗರು ಬಿಟ್ಟದ್ದು ಮರಳಿನ ಮೇಲೆ. ಎಲ್ಲರೂ ಹಾಗೆ ಮಾಡುತ್ತಿರಲಿಲ್ಲ.

ದಕ್ಷಿಣ ದಂಡೆಯನ್ನು ಬೇಗ ದಾಟಿದೆವು. ಪಾಲಿಯೊಹೋರಿಯಲ್ಲಿ ಕಡಲ ತಳದಿಂದ ಬಿಸಿ ಅನಿಲದ ಗುಳ್ಳೆಗಳೇಳುತ್ತವೆ. ಪೂರ್ವಕ್ಕೆ ಹೊರಳಿದರೆ ಪಾಲಿಯೊರೆಮಾದಲ್ಲಿ ಪಾಳುಬಿದ್ದ ಗಂಧಕದ ಗಣಿ, ತುಕ್ಕುಹಿಡಿದ ಯಂತ್ರಗಳು.

ಉತ್ತರದ ಗ್ಲಾರೊನಿಸಿಯಾ ನಡುಗಡ್ಡೆಗಳು ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಂತೆಯೇ ಆರುಮೂಲೆಯ ಕಲ್ಲುಕಂಬಗಳ ಜೋಡಣೆ. ಕಾರಣವೂ ಒಂದೇ, ಲಾವಾ ತಣಿಯುತ್ತ ಕುಗ್ಗಿ ಬಿರುಕು ಬಿಟ್ಟದ್ದು. ವಯಸ್ಸಿನಲ್ಲಿ ಮಾತ್ರ ಅಜಗಜಾಂತರ: ಇವು ಕೆಲವೇ ದಶಲಕ್ಷ ವರ್ಷಗಳ ಈಚಿನವು, ಮಲ್ಪೆಯವು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಆ ಚಾಣಗಳು ಚಳಿಗಾಲಕ್ಕೆ ಹೋಗುವ ಮಡಗಾಸ್ಕರ್ ಇದೇ.

ಈ ಕಡಲಿನ ಮಾಂಕ್ ಸೀಲ್ ಮಾತ್ರ ಕಾಣಲಿಲ್ಲ. ಕಾಣಬೇಕೆಂಬ ಹಟವೂ ಇರಬಾರದು. ಹೋಮರನ ಕಾವ್ಯದಲ್ಲಿ ಈ ಸೀಲ್‌ಗಳು ಬಯಲು ದಂಡೆಯಲ್ಲಿ ಗುಂಪಾಗಿ ಮಲಗುತ್ತವೆ. ತೊಗಲಿಗೂ ಎಣ್ಣೆಗೂ ಬೇಟೆಯಾಗಿ, ಬಲೆ ಹರಿಯುತ್ತವೆಂಬ ಸಿಟ್ಟಿಗೆ ಮೀನುಗಾರರಿಂದ ಹತವಾಗಿ, ಉಳಿದವು ಕಡಲಗುಹೆಗಳೊಳಗೆ ಸರಿದವು. ಈಗ ಮಿಲೋಸ್ ಪಕ್ಕದ ಪೊಲಿಯೆಗೋಸ್, ಕಿಮೋಲೋಸ್ ಗುಹೆಗಳು ಅವುಗಳ ಮುಖ್ಯ ನೆಲೆಗಳಲ್ಲಿ ಸೇರಿವೆ. ಮೊಮ್ ಎಂಬ ಗ್ರೀಕ್ ಸಂಸ್ಥೆ 1988ರಿಂದ ಅವುಗಳಿಗಾಗಿ ದುಡಿಯುತ್ತಿದೆ. ಸಂಖ್ಯೆ ಮೆಲ್ಲಗೆ ಏರುತ್ತಿದೆ. 2023ರಲ್ಲಿ ಐಯುಸಿಎನ್ ಅವುಗಳನ್ನು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿತು.

ಗುಹೆಗಳೊಳಗೆ ಅವು ಮರಿ ಹಾಕುವ ಕಾಲ ಹೆಚ್ಚಾಗಿ ಸೆಪ್ಟೆಂಬರ್‌ನಿಂದ ನವೆಂಬರ್. ಬಿಸಿಲು ಕಮ್ಮಿ, ದರ ಅಗ್ಗ ಎಂದು ನಮ್ಮವರು ಗ್ರೀಸ್‌ಗೆ ಹೊರಡುವುದೂ ಆಗಲೇ. ಹೋದಾಗ, ಕತ್ತಲೆ ಗುಹೆಯ ಒಳಗೆ ಮರಳ ದಂಡೆಯಿದ್ದಂತೆ ಕಂಡರೆ ಈಜಿಕೊಂಡು ಒಳಹೋಗಬೇಡಿ. ಹೊರಗೇ ನಿಲ್ಲಿಸಿ ಎಂದು ದೋಣಿಯವನಿಗೂ ಹೇಳಿ.